ಲಿಂಗನಮಕ್ಕಿ ಮತ್ತು ಶರಾವತಿ ಮುಳುಗಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರದವನು ಅಂದ ಕೂಡಲೇ ಎಲ್ಲರೂ ಜೋಗದ ಬಗ್ಗೆ ಕೇಳುತ್ತಾರೆ. ಜೋಗದಿಂದ ಮಾತು ಲಿಂಗನಮಕ್ಕಿಗೆ ಬರುತ್ತದೆ, ಅಲ್ಲಿಂದ ಸಿಗಂದೂರಿಗೆ, ಹಿನ್ನೀರು ದಾಟಿಸುತ್ತಿದ್ದ ಲಾಂಚಿಗೆ. ಅಮ್ಮ ಹುಟ್ಟಿದ ಮನೆ ಮುಳುಗಡೆಯಲ್ಲಿ ಹೋಯಿತು ಅಂತ ಹೇಳಿದ ಮೇಲೆ ಪ್ರಶ್ನೆಗಳ ಧಾಟಿಯೇ ಬದಲಾಗುತ್ತದೆ. ವರ್ಷಗಟ್ಟಲೆ ಕೇಳಿಸಿಕೊಂಡ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಲಿಂಗನಮಕ್ಕಿ ಅಂದರೆ ಜೋಗದ ಡ್ಯಾಮೇ ಅಲ್ವಾ?

ಹೆಚ್ಚುಕಡಿಮೆ ಹೌದು. ಜೋಗಕ್ಕಿಂತ ಸುಮಾರು 6 ಕಿ.ಮೀ. ಮೇಲೆ ಶರಾವತಿಗೆ ಅಡ್ಡಲಾಗಿ ಕಟ್ಟಿದ್ದು. ಶಿವಮೊಗ್ಗ ಜಿಲ್ಲೆ, ಸಾಗರ ತಾಲೂಕು. 1964ರಲ್ಲಿ ಮುಗಿಯಿತು. ಆಗಿನ್ನೂ ರಾಜ್ಯದ ಹೆಸರು ಮೈಸೂರು. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ, ಸಮುದ್ರ ಸೇರುವುದು ಹೊನ್ನಾವರದಲ್ಲಿ. ಹೊಳೆಯ ಉದ್ದ ಬರೀ 128 ಕಿ.ಮೀ. ಕೃಷ್ಣೆ, ಕಾವೇರಿಯ ಮುಂದೆ ಇದು ಏನೂ ಅಲ್ಲ. ಆದರೆ ಮಲೆನಾಡಿನ ಮಳೆಯನ್ನೆಲ್ಲ ಹೊತ್ತುಕೊಂಡು ಘಟ್ಟದ ಅಂಚಿಗೆ ಬಂದು ಒಮ್ಮೆಲೇ 253 ಮೀಟರ್ ಕೆಳಕ್ಕೆ ಬೀಳುತ್ತದೆ. ಕರೆಂಟ್ ತೆಗೆಯುವವರಿಗೆ ಬೇಕಾಗಿದ್ದು ಹೊಳೆಯ ಉದ್ದ ಅಲ್ಲ, ಈ ಬೀಳುವಿಕೆ.

ಡ್ಯಾಂ ಎಷ್ಟು ದೊಡ್ಡದು?

ತುಂಬಿದರೆ 151 ಟಿಎಂಸಿ ನೀರು. ಕೆಆರ್‌ಎಸ್‌ನ ಮೂರು ಪಟ್ಟು ಅಂದುಕೊಳ್ಳಿ. ಕಟ್ಟೆಯ ಎತ್ತರ ಸುಮಾರು 61 ಮೀಟರ್, ಉದ್ದ ಎರಡು ಕಿ.ಮೀ.ಗೂ ಜಾಸ್ತಿ. ಆದರೆ ಕಟ್ಟೆ ನೋಡಿದರೆ ಈ ಡ್ಯಾಮಿನ ದೊಡ್ಡಸ್ತಿಕೆ ಗೊತ್ತಾಗುವುದಿಲ್ಲ, ಹಿನ್ನೀರು ನೋಡಬೇಕು. ಸುಮಾರು 300 ಚದರ ಕಿ.ಮೀ. ಹರಡಿದೆ. ಗುಡ್ಡಗಳ ಸಂದಿಗೊಂದಿಗೆಲ್ಲ ನೀರು ನುಗ್ಗಿದ್ದರಿಂದ ನಕ್ಷೆಯಲ್ಲಿ ಅದು ಕೆರೆಯ ಹಾಗೆ ಕಾಣುವುದೇ ಇಲ್ಲ. ಬೇರು ಬಿಟ್ಟ ಹಾಗೆ ಕಾಣುತ್ತದೆ.

ಪೇಪರಿನಲ್ಲಿ "1819 ಅಡಿ" ಅಂತ ಬರುತ್ತದಲ್ಲ, ಅಷ್ಟು ಆಳವಾ?

ಅಲ್ಲ. ಇದು ಎಲ್ಲರೂ ಬೀಳುವ ಹೊಂಡ. ಕೆಆರ್‌ಎಸ್‌ನ 124.80 ಅಡಿಯನ್ನು ಡ್ಯಾಮಿನ ತಳದಿಂದ ಅಳೆಯುತ್ತಾರೆ. ಲಿಂಗನಮಕ್ಕಿಯ 1819 ಅಡಿ ಸಮುದ್ರ ಮಟ್ಟದಿಂದ ಅಳೆದದ್ದು. ಹಾಗಾಗಿ ನೀರು 1750 ಅಡಿಗೆ ಇಳಿದಿದೆ ಅಂದರೆ "ಇನ್ನೂ ಬೇಕಾದಷ್ಟಿದೆ" ಅಂದುಕೊಳ್ಳಬೇಡಿ. ಡ್ಯಾಂ ಬಹುಪಾಲು ಬರಿದಾಗಿದೆ ಅಂತ ಅರ್ಥ.

ಕರೆಂಟ್ ಎಲ್ಲಿ ತಯಾರಾಗುತ್ತದೆ? ಡ್ಯಾಮಿನ ಬುಡದಲ್ಲಾ?

ಬುಡದಲ್ಲಿ ಸ್ವಲ್ಪವೇ, 55 ಮೆಗಾವ್ಯಾಟ್. ಅಲ್ಲಿಂದ ನೀರು ಕಾಲುವೆಯಲ್ಲಿ ತಲಕಳಲೆ ಎಂಬ ಇನ್ನೊಂದು ಸಣ್ಣ ಜಲಾಶಯಕ್ಕೆ ಹೋಗುತ್ತದೆ. ತಲಕಳಲೆಯಿಂದ ದೊಡ್ಡ ದೊಡ್ಡ ಪೈಪುಗಳಲ್ಲಿ ಘಟ್ಟದ ಕೆಳಗಿನ ಶರಾವತಿ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಅಲ್ಲಿ ತಲಾ 103.5 ಮೆಗಾವ್ಯಾಟಿನ 10 ಘಟಕಗಳಿವೆ, ಒಟ್ಟು 1035 ಮೆಗಾವ್ಯಾಟ್. ಜೋಗದ ಕಣಿವೆಯಲ್ಲೇ ಇರುವ ಹಳೆಯ ಮಹಾತ್ಮ ಗಾಂಧಿ ವಿದ್ಯುದಾಗಾರದ್ದು 139.2. ಅದೇ ನೀರು ಇನ್ನೂ ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೊಂದು ಸಲ ಸಿಕ್ಕಿಬೀಳುತ್ತದೆ, ಅಲ್ಲಿ 240. ಎಲ್ಲ ಕೂಡಿದರೆ 1469.2 ಮೆಗಾವ್ಯಾಟ್.

ನೋಡಿ, ಕರೆಂಟಿನ ಲೆಕ್ಕವನ್ನು ದಶಮಾಂಶದವರೆಗೆ ಹೇಳಬಹುದು. ಜನರ ಲೆಕ್ಕಕ್ಕೆ ಬಂದಾಗ ಹೀಗಿರುವುದಿಲ್ಲ.

ಲಿಂಗನಮಕ್ಕಿಗಿಂತ ಮೊದಲು ಅಲ್ಲಿ ಇನ್ನೊಂದು ಡ್ಯಾಂ ಇತ್ತಂತೆ, ನಿಜವಾ?

ನಿಜ. ಮಡೆನೂರು ಡ್ಯಾಂ. ಹಿರೇಭಾಸ್ಕರ ಅಣೆಕಟ್ಟು ಅಂತಲೂ ಹೇಳುತ್ತಾರೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಡಲಿಕ್ಕೆ ಕಟ್ಟಿ 1948ರ ಹೊತ್ತಿಗೆ ಮುಗಿಸಿದ್ದರು. ನೀರು ಮೇಲೆ ಬಂದರೆ ತಾನಾಗಿಯೇ ಎಳೆದು ಹೊರಗೆ ಬಿಡುವ ಸೈಫನ್‌ಗಳಿದ್ದವು. ಗೇಟು ಎತ್ತುವ ಕೆಲಸವೇ ಇಲ್ಲ. ಅಂಥ ಡ್ಯಾಮನ್ನು 16 ವರ್ಷಕ್ಕೇ ಲಿಂಗನಮಕ್ಕಿ ನುಂಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಅದು ಎದ್ದು ಕಾಣುತ್ತದೆ. ಕಟ್ಟೆಯ ಕಲ್ಲು ಇವತ್ತಿಗೂ ಗಟ್ಟಿಯಾಗಿದೆ. ಜನ ಗುಂಪುಗುಂಪಾಗಿ ಹೋಗಿ ಫೋಟೊ ತೆಗೆಸಿಕೊಳ್ಳುತ್ತಾರೆ.

ಇದನ್ನು ಸುಮ್ನೆ ಕುತೂಹಲಕ್ಕೆ ಹೇಳುತ್ತಿಲ್ಲ. ಮಡೆನೂರು ಡ್ಯಾಂ ಕಟ್ಟಿದಾಗಲೂ ಊರುಗಳು ಮುಳುಗಿದ್ದವು. ಆಗ ಗುಡ್ಡ ಹತ್ತಿ ಮನೆ ಕಟ್ಟಿಕೊಂಡವರಿಗೆ ಲಿಂಗನಮಕ್ಕಿ ಬಂದು ಮತ್ತೆ ಏಳಿ ಅಂದಿತು. ಹೀಗೆ ಒಂದೇ ಜನ್ಮದಲ್ಲಿ ಎರಡು ಸಲ ಗಂಟುಮೂಟೆ ಕಟ್ಟಿದವರಿದ್ದಾರೆ.

ಎಷ್ಟು ಜನ ಮನೆ ಬಿಟ್ಟರು?

12 ಸಾವಿರ ಕುಟುಂಬ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಸರ್ಕಾರದ ಮಾತಿನಲ್ಲೂ ಹೋರಾಟದವರ ಮಾತಿನಲ್ಲೂ ಬರುವುದು ಇದೇ ಅಂಕಿ. ಇದು ಕುಟುಂಬದ ಲೆಕ್ಕ ಅನ್ನುವುದನ್ನು ಗಮನಿಸಿ. ಆ ಕಾಲದ ಒಂದು ಕೂಡು ಕುಟುಂಬದಲ್ಲಿ ಹದಿನೈದು, ಇಪ್ಪತ್ತು ಜನ ಇರುವುದು ಮಾಮೂಲು. ಒಬ್ಬ ಯಜಮಾನನ ಹೆಸರಿಗೆ ಕೊಟ್ಟ ಜಾಗವನ್ನು ಆಮೇಲೆ ನಾಲ್ಕು ಜನ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಬೇಕಾಯಿತು.

ಮುಳುಗಿದ್ದರಲ್ಲಿ ತರಿ, ಅಂದರೆ ನೀರಿನ ಆಸರೆಯ ಜಮೀನೇ ಸುಮಾರು 50 ಚದರ ಕಿ.ಮೀ., ಅಂದರೆ 12 ಸಾವಿರ ಎಕರೆಗೂ ಜಾಸ್ತಿ. ಉಳಿದದ್ದರಲ್ಲಿ ಸ್ವಲ್ಪ ಮಳೆ ನಂಬಿದ ಖುಷ್ಕಿ, ಮಿಕ್ಕಿದ್ದು ಕಾಡು ಮತ್ತು ಸರ್ಕಾರಿ ಕಾಗದದಲ್ಲಿ "ಪಾಳು" ಅಂತ ಬರೆದದ್ದು. ಮಲೆನಾಡಿನವರಿಗೆ ಆ ಪಾಳು ಪಾಳಲ್ಲ. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ದನಕ್ಕೆ ಮೇವು, ಅಪ್ಪೆಮಿಡಿ, ಮುರುಗಲು ಎಲ್ಲ ಅಲ್ಲಿಂದಲೇ ಬರುತ್ತಿತ್ತು. ಅದಕ್ಕೆ ಯಾರ ಹೆಸರಿನ ಪಹಣಿಯೂ ಇರಲಿಲ್ಲ. ಹಾಗಾಗಿ ಪರಿಹಾರದ ಪಟ್ಟಿಗೂ ಅದು ಬರಲಿಲ್ಲ.

ಪರಿಹಾರ ಕೊಟ್ಟಿರಲಿಲ್ವಾ?

ಕೊಟ್ಟಿದ್ದರು. ಯಾರಿಗೆ ಕೊಟ್ಟರು ಅನ್ನುವುದರಲ್ಲಿ ಎಲ್ಲ ಕಥೆ ಇದೆ. ಸ್ವಲ್ಪ ಹಿಂದಿನಿಂದ ಹೇಳಬೇಕು.

ಸಾಗರ ತಾಲೂಕಿನಲ್ಲಿ ಆಗ ಗದ್ದೆ ಒಬ್ಬರದ್ದು, ಗೆಯ್ಯುವವರು ಇನ್ನೊಬ್ಬರು. ಬೆಳೆದ ಭತ್ತದಲ್ಲಿ ಒಡೆಯರಿಗೆ ಗೇಣಿ ಅಳೆಯಬೇಕು. ಅಳೆಯುವ ಕೊಳಗದ ಜಗಳದಿಂದ ಶುರುವಾಗಿ 1951ರಲ್ಲಿ ಕಾಗೋಡು ಸತ್ಯಾಗ್ರಹ ಆಯಿತು. ರೈತ ಹೋರಾಟಗಾರ ಗಣಪತಿಯಪ್ಪನವರು ಮುಂದೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ದೇಶದ ಕಣ್ಣು ಇಲ್ಲಿಗೆ ಬಿತ್ತು. ಆದರೆ ಜಮೀನು ಗೇಣಿದಾರರ ಕೈಗೆ ಬರಲಿಲ್ಲ. ಅದು ಬಂದದ್ದು ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆ ತಿದ್ದುಪಡಿಯಿಂದ. ಆಮೇಲೆ ಜನ ಡಿಕ್ಲರೇಷನ್ ಅರ್ಜಿ ಹಾಕಿ, ಟ್ರಿಬ್ಯುನಲ್ಲಿಗೆ ಓಡಾಡಿ, ಗೆಯ್ದ ಗದ್ದೆಗೆ ಒಡೆಯರಾದರು.

ಈಗ ಎರಡು ಇಸವಿ ಅಕ್ಕಪಕ್ಕ ಇಟ್ಟು ನೋಡಿ. ಡ್ಯಾಂ ಮುಗಿದದ್ದು 1964, ಗೇಣಿ ರದ್ದಾದದ್ದು 1974. ಅದೇ ತಾಲೂಕಿನಲ್ಲಿ ನೀರಿನಿಂದ ಆಚೆ ಉಳಿದ ಗೇಣಿದಾರನಿಗೆ ಹತ್ತು ವರ್ಷ ಬಿಟ್ಟು ಜಮೀನು ಸಿಕ್ಕಿತು. ಮುಳುಗಡೆಯ ಊರಿನ ಗೇಣಿದಾರ ಅರ್ಜಿ ಹಾಕಬೇಕು ಅಂದರೆ ಗದ್ದೆ ಎಲ್ಲಿದೆ? ನೀರಿನಡಿಯಲ್ಲಿ. ಭೂಸ್ವಾಧೀನ ಆಗಿದ್ದು 1894ರ ಕಾಯ್ದೆಯ ಪ್ರಕಾರ. ಆ ಕಾಯ್ದೆಗೆ ಬೇಕಾಗಿದ್ದು ದಾಖಲೆಯಲ್ಲಿರುವ ಹೆಸರು. ಬಾಯಿಮಾತಿನ ಗೇಣಿಗೆ ದಾಖಲೆ ಎಲ್ಲಿಂದ ತರುವುದು?

ನನ್ನ ಅಜ್ಜಿ ಇದನ್ನು ಒಂದೇ ಮಾತಲ್ಲಿ ಮುಗಿಸುತ್ತಿದ್ದಳು: "ಒಡೆಯರಿಗೆ ದುಡ್ಡು ಬಂತು, ನಮಗೆ ಲಾರಿ ಬಂತು." ಮನೆ ಸಾಮಾನು ಸಾಗಿಸಲು ಬಂದ ಲಾರಿ.

ಹಾಗಂತ ಒಡೆಯರೆಲ್ಲ ಸುಖವಾಗಿದ್ದರು ಅಂತಲೂ ಅಲ್ಲ. ಅಡಿಕೆ ತೋಟ ಹುಟ್ಟುವುದು ಎರಡು ತಲೆಮಾರಿನ ಕೆಲಸ. ಎಕರೆಗೆ ಇಷ್ಟು ಅಂತ ಕೈಗೆ ಬಂದ ಹಣದಲ್ಲಿ ಹೊಸ ಜಾಗ ತೆಗೆದುಕೊಂಡು, ಸಸಿ ನೆಟ್ಟು, ಫಸಲು ಬರುವ ಹೊತ್ತಿಗೆ ಎಷ್ಟೋ ಯಜಮಾನರು ಇರಲೇ ಇಲ್ಲ.

ಎಲ್ಲಿಗೆ ಹೋದರು?

ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ, ಶಿವಮೊಗ್ಗ, ಭದ್ರಾವತಿ ಕಡೆಗೆಲ್ಲ ಚದುರಿದರು. ಬಹಳ ಕಡೆ ಕೊಟ್ಟದ್ದು ಕಾಡು. ಕಡಿದುಕೊಂಡು ಗೆಯ್ಯಿರಿ ಅಂದರು. ಒಂದೇ ಕೇರಿಯವರು ಮೂರು ತಾಲೂಕಿಗೆ ಹಂಚಿಹೋದರು. ಅಮ್ಮನ ಜೊತೆ ಆಡುತ್ತಿದ್ದ ಪಕ್ಕದ ಮನೆಯ ಹುಡುಗಿ ಮತ್ತೆ ಸಿಕ್ಕಿದ್ದು ಇಬ್ಬರಿಗೂ ಮೊಮ್ಮಕ್ಕಳಾದ ಮೇಲೆ, ಯಾರದೋ ಮದುವೆ ಮನೆಯಲ್ಲಿ.

60 ವರ್ಷ ಕಳೆದ ಮೇಲೂ ಇವರನ್ನು ಯಾಕೆ "ಸಂತ್ರಸ್ತರು" ಅನ್ನುತ್ತೀರಿ?

ಈ ಪ್ರಶ್ನೆಯಲ್ಲಿ ಸ್ವಲ್ಪ ಕೊಂಕು ಇರುತ್ತದೆ, ಇರಲಿ. ಜಮೀನಿನ ಕಾಗದ ಇನ್ನೂ ಸರಿಯಾಗಿಲ್ಲ, ಅದಕ್ಕೆ.

ಸರ್ಕಾರ ಅವರನ್ನು ಕೂರಿಸಿದ್ದು ಅರಣ್ಯ ಇಲಾಖೆಯ ಲೆಕ್ಕದಲ್ಲಿದ್ದ ಭೂಮಿಯಲ್ಲಿ. ಕೂರಿಸಿದವರು ಆಗಲೇ ಆ ಭೂಮಿಯನ್ನು ಅರಣ್ಯದ ಪಟ್ಟಿಯಿಂದ ತೆಗೆದು ಕಂದಾಯಕ್ಕೆ ಸೇರಿಸಿ ಹಕ್ಕುಪತ್ರ ಕೊಟ್ಟಿದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಎಷ್ಟೋ ಕಡೆ ಅದು ಆಗಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಅರಣ್ಯ ಭೂಮಿ ಬಿಡಿಸಬೇಕಾದರೆ ಕೇಂದ್ರದ ಒಪ್ಪಿಗೆ ಬೇಕು. ರಾಜ್ಯ ಸರ್ಕಾರಗಳು ಆ ಒಪ್ಪಿಗೆ ಇಲ್ಲದೆಯೇ ಒಂದಾದ ಮೇಲೊಂದು ಅಧಿಸೂಚನೆ ಹೊರಡಿಸಿ ಜಮೀನು ಬಿಡಿಸುತ್ತಾ ಬಂದವು. 2021ರಲ್ಲಿ ಹೈಕೋರ್ಟ್ ಅವನ್ನು ರದ್ದು ಮಾಡಿತು. ಕಾನೂನಿನ ದೃಷ್ಟಿಯಿಂದ ತೀರ್ಪಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೆ ಇಸವಿ ನೋಡಿ: ಜನ ಹೋಗಿ ಕೂತದ್ದು ಕಾಯ್ದೆ ಬರುವುದಕ್ಕೆ ಸುಮಾರು ಇಪ್ಪತ್ತು ವರ್ಷ ಮೊದಲು. ಕೂರಿಸಿದ್ದು ಸರ್ಕಾರ, ಕಾಗದ ಮಾಡದೆ ಬಿಟ್ಟದ್ದು ಸರ್ಕಾರ, ಈಗ ಒತ್ತುವರಿದಾರ ಅನ್ನಿಸಿಕೊಳ್ಳುವವನು ರೈತ.

ಕಾಗದ ಇಲ್ಲ ಅಂದರೆ ಏನು ಅಂತ ಪೇಟೆಯವರಿಗೆ ಬೇಗ ತಲೆಗೆ ಹೋಗುವುದಿಲ್ಲ. ಪಹಣಿಯಲ್ಲಿ ಹೆಸರಿಲ್ಲ, ಅಂದರೆ ಬೆಳೆ ಸಾಲ ಇಲ್ಲ. ಬೆಳೆ ನಷ್ಟ ಆದರೆ ಪರಿಹಾರದ ಪಟ್ಟಿಯಲ್ಲಿ ಇಲ್ಲ. ಮಗಳ ಮದುವೆಗೆ ಅಂತ ಒಂದು ಎಕರೆ ಮಾರುವ ಹಾಗಿಲ್ಲ. ಅಪ್ಪ ಸತ್ತರೆ ಪಾಲುಪಟ್ಟಿ ಆಗುವುದಿಲ್ಲ. ನಮ್ಮ ಕಡೆ ಇಂಥ ಮನೆಗಳಲ್ಲಿ ಒಂದು ಪ್ಲಾಸ್ಟಿಕ್ ಕವರು ಇರುತ್ತದೆ, ಅಕ್ಕಿ ಡಬ್ಬದ ಹಿಂದೆಯೋ ದೇವರ ಗೂಡಿನ ಪಕ್ಕವೋ. ಅದರೊಳಗೆ 60ರ ದಶಕದ ಒಂದು ಹಳದಿ ಚೀಟಿ, ಮಡಿಕೆಯ ಜಾಗದಲ್ಲಿ ಹರಿದು ಗಮ್‌ಟೇಪು ಹಚ್ಚಿದ್ದು. ಅದರ ಹತ್ತು ಜೆರಾಕ್ಸ್. ಯಾರೇ ಹೊಸ ಅಧಿಕಾರಿ ಬರಲಿ, ಯಾರೇ ಓಟು ಕೇಳಿಕೊಂಡು ಬರಲಿ, ಆ ಕವರು ಹೊರಗೆ ಬರುತ್ತದೆ.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಬಹುದಲ್ಲ?

ಹಾಕಿದವರಿದ್ದಾರೆ. ಆದರೆ 2006ರ ಆ ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲೇ ವಾಸವಿದ್ದು ಅದನ್ನೇ ನಂಬಿಕೊಂಡಿದ್ದರು ಅಂತ ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ. 1960ರಲ್ಲಿ ಸರ್ಕಾರವೇ ಕರೆದುಕೊಂಡು ಹೋಗಿ ಬಿಟ್ಟ ಜಾಗದಲ್ಲಿ 1930ರ ದಾಖಲೆ ಹೇಗೆ ಸಿಗಬೇಕು? 1930ರಲ್ಲಿ ಅವರಿದ್ದ ಊರು ಈಗ ಹಿನ್ನೀರು.

ತುಮರಿ, ಸಿಗಂದೂರು ಕಡೆಯವರು ಮುಳುಗಲಿಲ್ಲ ತಾನೇ? ಅವರಿಗೇನು ತೊಂದರೆ?

ಮುಳುಗಲಿಲ್ಲ, ನೀರಿನಾಚೆ ಉಳಿದರು. ಕರೂರು, ಬಾರಂಗಿ ಹೋಬಳಿಯ ಊರುಗಳಿಗೆ ಸಾಗರ ಪೇಟೆ ಮೊದಲು ಹತ್ತಿರದ ದಾರಿ. ಹಿನ್ನೀರು ಬಂದ ಮೇಲೆ ಒಂದೋ ಲಾಂಚ್, ಇಲ್ಲವೇ ಕಾಡಿನ ದಾರಿಯಲ್ಲಿ ದೂರದ ಸುತ್ತು. ಭಟ್ಕಳದ ಕಡೆಗೆ, ಕೊಲ್ಲೂರಿನ ಕಡೆಗೆ ನೆಲದ ದಾರಿ ಇದೆ. ಆದ್ದರಿಂದ ನಿಜವಾಗಿ ಇದು ದ್ವೀಪ ಅಲ್ಲ. ಆದರೆ ತಾಲೂಕು ಕಚೇರಿ, ಆಸ್ಪತ್ರೆ, ಕಾಲೇಜು ಎಲ್ಲ ಸಾಗರದಲ್ಲಿ. ಹಾಗಾಗಿ ಜನರ ಬಾಯಲ್ಲಿ ದ್ವೀಪ ಆಗಿಯೇ ಉಳಿಯಿತು.

ಸೇತುವೆ ಆಗುವವರೆಗೆ ಪ್ರವಾಸಿಗರಿಗೆ ಲಾಂಚ್ ಒಂದು ಮಜಾ ಆಗಿತ್ತು. ಬಸ್ಸು ಹಿಮ್ಮುಖವಾಗಿ ಹತ್ತುವುದು, ಬೈಕುಗಳನ್ನು ಒತ್ತೊತ್ತಾಗಿ ನಿಲ್ಲಿಸುವುದು, ಕಟಾಂಜನ ಹಿಡಿದು ಸೆಲ್ಫಿ. ಆಚೆಯವರಿಗೆ ಲಾಂಚ್ ಅಂದರೆ ಗಡಿಯಾರ ಆಗಿತ್ತು. ಸಂಜೆಯ ಕೊನೆಯ ಲಾಂಚ್ ಹೋಯಿತು ಅಂದರೆ ಮುಗಿಯಿತು. ಹೆರಿಗೆ ನೋವು, ಹಾವು ಕಡಿತ, ಎದೆನೋವು ಇವು ಲಾಂಚಿನ ಟೈಮು ನೋಡಿಕೊಂಡು ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ವಾಹನ ಹತ್ತಿಸುವುದನ್ನು ನಿಲ್ಲಿಸುತ್ತಿದ್ದರು. ಇನ್ನೊಂದು ಹೊಟ್ಟೆಯುರಿಯ ವಿಷಯ: ಊರೆಲ್ಲ ಬೆಳಗಿದ ಈ ಹಿನ್ನೀರಿನ ದಡದ ಎಷ್ಟೋ ಮನೆಗಳು ದಶಕಗಳ ಕಾಲ ಚಿಮಣಿ ಬುಡ್ಡಿಯಲ್ಲೇ ಇದ್ದವು. ಕರೆಂಟಿನ ತಂತಿ ಅವರ ತಲೆಯ ಮೇಲಿಂದ ಬೇರೆ ಊರಿಗೆ ಹೋಗುತ್ತಿತ್ತು.

ಈಗ ಸೇತುವೆ ಆಗಿದೆಯಲ್ಲ?

ಆಗಿದೆ. ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ, ಕೇಬಲ್ಲಿನಿಂದ ಎಳೆದು ಹಿಡಿದ ಸುಮಾರು 2.4 ಕಿ.ಮೀ. ಉದ್ದದ ಸೇತುವೆ. 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಖರ್ಚು 470 ಕೋಟಿ ರೂಪಾಯಿಗೂ ಜಾಸ್ತಿ. ಚೆನ್ನಾಗಿದೆ, ರಾತ್ರಿ ಆಂಬುಲೆನ್ಸ್ ಓಡುತ್ತದೆ, ಅದಕ್ಕಿಂತ ಇನ್ನೇನು ಬೇಕು. ಡ್ಯಾಂ ಕಟ್ಟಿದ 61 ವರ್ಷಕ್ಕೆ ಬಂತು ಅನ್ನುವುದನ್ನು ಮಾತ್ರ ನಾನು ಮರೆಯುವುದಿಲ್ಲ.

ಬೇಸಿಗೆಯಲ್ಲಿ ಹಳೆಯ ಊರುಗಳು ಕಾಣುತ್ತವಂತೆ?

ಕೆಲವು ಕಡೆ, ಕೆಲವು ವರ್ಷ. ಸಿನಿಮಾದಲ್ಲಿ ತೋರಿಸುವ ಹಾಗೆ ಗೋಪುರ ಎದ್ದು ನಿಲ್ಲುವುದಿಲ್ಲ. ನಮ್ಮ ಮನೆಗಳು ಮಣ್ಣಿನವು, ನೀರಿನಲ್ಲಿ ಕರಗಿಹೋದವು. ಉಳಿದದ್ದು ಕಲ್ಲು. ನಾನು ಒಂದು ಮೇ ತಿಂಗಳಲ್ಲಿ ಅಮ್ಮನ ಜೊತೆ ಹೋಗಿದ್ದೆ. ಕೆಂಪು ಮಣ್ಣು ಒಣಗಿ ಬಿರುಕು ಬಿಟ್ಟು ಹಪ್ಪಳದ ಹಾಗೆ ಅಂಚು ಎದ್ದಿತ್ತು. ಅಲ್ಲಲ್ಲಿ ಮರದ ಬೊಡ್ಡೆ. ಕಡಿದ ಜಾಗ ಇನ್ನೂ ಸಪಾಟಾಗಿ ಕಾಣುತ್ತಿತ್ತು. ಅಮ್ಮ ಸೀದಾ ನಡೆದು ಹೋಗಿ ಒಂದು ಕಡೆ ನಿಂತಳು. ಅಲ್ಲಿ ಒರಳು ಕಲ್ಲು ಅರ್ಧ ಹೂತುಕೊಂಡಿತ್ತು. "ಇದು ಹಿತ್ತಿಲ ಕಡೆ" ಅಂದಳು. ಒರಳಿನ ಗುಂಡಿಯಲ್ಲಿ ಸ್ವಲ್ಪ ನೀರು ನಿಂತಿತ್ತು, ಅದರಲ್ಲಿ ಎರಡು ಸಣ್ಣ ಮೀನು. ಸುತ್ತ ನೀರು ಇಳಿದುಹೋದಾಗ ಅವು ಅಲ್ಲೇ ಸಿಕ್ಕಿಕೊಂಡಿದ್ದವು. ಅಮ್ಮ ಮನೆಯ ಬಗ್ಗೆ ಏನೂ ಹೇಳಲಿಲ್ಲ. ಆ ಮೀನನ್ನು ಊಟದ ಡಬ್ಬಿಯ ಮುಚ್ಚಳದಲ್ಲಿ ಎತ್ತಿಕೊಂಡು ಹೊಳೆಗೆ ಬಿಡು ಅಂದಳು.

ಕಾಡಿಗೆ ಏನಾಯಿತು?

ಎರಡು ಸಲ ಹೊಡೆತ. ಮೊದಲನೆಯದು ಮುಳುಗಿದ ಕಾಡು. ಎಲ್ಲ ಮರ ಕಡಿಯಲಿಲ್ಲ, ನಿಂತಲ್ಲೇ ಸತ್ತ ಮರಗಳ ಒಣ ಬೊಡ್ಡೆಗಳು ಹಿನ್ನೀರಿನಲ್ಲಿ ಇವತ್ತಿಗೂ ಇವೆ. ಎರಡನೆಯದರ ಬಗ್ಗೆ ಯಾರೂ ಮಾತಾಡುವುದಿಲ್ಲ: ಎದ್ದ ಜನರನ್ನು ಕೂರಿಸಲು ಬೇರೆ ಕಡೆ ಕಡಿದ ಕಾಡು. ಡ್ಯಾಮಿನ ಲೆಕ್ಕದಲ್ಲಿ ಇದು ಬರುವುದೇ ಇಲ್ಲ. ಅದರ ತಪ್ಪು ಹೊತ್ತುಕೊಂಡವರು ಸಂತ್ರಸ್ತರು.

ಉಳಿದ ಕಾಡು ತುಂಡುತುಂಡಾಯಿತು. ಸಿಂಗಳೀಕದ ವಿಷಯ ತೆಗೆದುಕೊಳ್ಳಿ. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲದ ಕೋತಿ ಅದು. ನೆಲಕ್ಕೆ ಇಳಿಯುವುದು ಕಡಿಮೆ, ಕೊಂಬೆಯಿಂದ ಕೊಂಬೆಗೇ ಓಡಾಟ. ಅದಕ್ಕೆ ಮರದ ತಲೆಗಳು ಒಂದಕ್ಕೊಂದು ತಾಗಿರಬೇಕು. ನಡುವೆ ಹಿನ್ನೀರೋ ರಸ್ತೆಯೋ ತಂತಿಗಾಗಿ ಕಡಿದ ಪಟ್ಟಿಯೋ ಬಂದರೆ ಆಚೆಯ ಗುಂಪು ಆಚೆ, ಈಚೆಯದು ಈಚೆ. 1972ರಲ್ಲಿ ಶರಾವತಿ ಕಣಿವೆಯನ್ನು ಅಭಯಾರಣ್ಯ ಮಾಡಿದರು. 2019ರಲ್ಲಿ ಅದನ್ನು ಹಿಗ್ಗಿಸಿ ಸಿಂಗಳೀಕದ ಹೆಸರನ್ನೇ ಇಟ್ಟರು. ಅದೇ ಸೀಮೆಯಲ್ಲಿ, ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ಕೆಸರಿನ ಮೇಲೆ ಮೊಣಕಾಲಿನ ಹಾಗೆ ಬೇರು ಎತ್ತಿ ನಿಂತ ಮರಗಳು. ತಗ್ಗಿನ ತೊರೆಗಳ ಪಕ್ಕವೇ ಬೆಳೆಯುವಂಥವು. ಕಣಿವೆ ತುಂಬಿದಾಗ ಮೊದಲು ನೀರು ಏರಿದ್ದೂ ಇಂಥ ತಗ್ಗಿಗೇ.

ಹೊಗೆ ಇಲ್ಲ, ಬೂದಿ ಇಲ್ಲ. ಜಲವಿದ್ಯುತ್ ಶುದ್ಧ ಅಲ್ವಾ?

ಕಲ್ಲಿದ್ದಲಿಗೆ ಹೋಲಿಸಿದರೆ ಹೌದು ಅನ್ನಬಹುದು. ಪೂರ್ತಿ ಶುದ್ಧ ಅನ್ನಲಿಕ್ಕೆ ಆಗುವುದಿಲ್ಲ. ಮುಳುಗಿದ ಸೊಪ್ಪುಸದೆ, ಮರ, ಮಣ್ಣು ನೀರಿನ ತಳದಲ್ಲಿ ಗಾಳಿ ಇಲ್ಲದೆ ಕೊಳೆಯುತ್ತವೆ. ಆಗ ಮೀಥೇನ್ ಹುಟ್ಟುತ್ತದೆ, ಗೋಬರ್ ಗ್ಯಾಸಿನಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಬಿಸಿ ಸೀಮೆಯ ಜಲಾಶಯಗಳಲ್ಲಿ ಇದು ಜಾಸ್ತಿ. ಬೇಸಿಗೆಯಲ್ಲಿ ಹಿನ್ನೀರಿನ ದಡದಲ್ಲಿ ಹುಲ್ಲು ಹುಟ್ಟುತ್ತದೆ, ಮಳೆಗಾಲದಲ್ಲಿ ಮುಳುಗುತ್ತದೆ. ಹಾಗಾಗಿ ಕೊಳೆಯಲಿಕ್ಕೆ ಪ್ರತಿ ವರ್ಷ ಹೊಸ ಸರಕು.

ಹೊನ್ನಾವರದ ಕಡೆ ಏನಾದರೂ ವ್ಯತ್ಯಾಸ ಆಗಿದೆಯಾ? ಅವರಿಗೆ ನೀರು ಜಾಸ್ತಿ ಬಂತಲ್ಲ?

ನೀರು ಜಾಸ್ತಿ ಬಂದದ್ದೇ ತೊಂದರೆ. ಇದು ನನಗೂ ತಡವಾಗಿ ಅರ್ಥ ಆದದ್ದು.

ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಮಳೆಗಾಲಕ್ಕೆ ಸಿಹಿನೀರು, ಬೇಸಿಗೆಗೆ ಉಪ್ಪುನೀರು ಒಳಗೆ ಬರಬೇಕು. ಅಲ್ಲಿಯ ಮೀನು, ಸಿಗಡಿ, ಚಿಪ್ಪಿಕಲ್ಲು ಎಲ್ಲ ಈ ತಾಳಕ್ಕೆ ಕುಣಿಯುವಂಥವು. ಟರ್ಬೈನು ವರ್ಷವಿಡೀ ತಿರುಗುತ್ತದೆ, ಸಿಹಿನೀರು ವರ್ಷವಿಡೀ ಇಳಿಯುತ್ತದೆ. ಹಾಗಾಗಿ ಬೇಸಿಗೆಯಲ್ಲೂ ಶರಾವತಿಯ ಅಳಿವೆಗೆ ಬೇಕಾದಷ್ಟು ಉಪ್ಪು ಏರುವುದಿಲ್ಲ. ಪಕ್ಕದ ಕುಮಟಾ ತಾಲೂಕಿನ ಅಘನಾಶಿನಿಗೆ ಡ್ಯಾಂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಅಘನಾಶಿನಿಯಲ್ಲಿ ಮೀನಿನ ಜಾತಿಗಳು ಜಾಸ್ತಿ, ಚಿಪ್ಪಿಕಲ್ಲು ಹೆಕ್ಕಿ ಬದುಕುವ ಕುಟುಂಬಗಳು ಈಗಲೂ ಇವೆ. ಶರಾವತಿಯಲ್ಲಿ ಎರಡೂ ಕಡಿಮೆ. ಮೀನುಗಾರರ ಮನೆ ಮುಳುಗಲಿಲ್ಲ, ಹಾಗಾಗಿ ಅವರನ್ನು ಯಾರೂ ಸಂತ್ರಸ್ತರು ಅನ್ನಲಿಲ್ಲ. ಪಟ್ಟಿಗೆ ಬಾರದೆಯೇ ಕಳೆದುಕೊಂಡವರು ಅವರು.

ಜೋಗ ಬೇಸಿಗೆಯಲ್ಲಿ ಒಣಗುವುದು ಡ್ಯಾಮಿನಿಂದಲೇನಾ?

ಹೌದು. ಮೇಲಿನ ನೀರು ಪೈಪಿನಲ್ಲಿ ಹೋದರೆ ಬಂಡೆಯ ಮೇಲೆ ಬೀಳುವುದಕ್ಕೆ ಏನಿರುತ್ತದೆ? ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಅಬ್ಬರಿಸುವುದನ್ನು ನೋಡಬೇಕಾದರೆ ಡ್ಯಾಂ ತುಂಬಿ ಗೇಟು ತೆಗೆದ ವರ್ಷ ಬನ್ನಿ.

ಹಾಗಾದರೆ ಡ್ಯಾಂ ಕಟ್ಟಲೇಬಾರದಿತ್ತು ಅಂತೀರಾ?

ಇಲ್ಲ, ಅಷ್ಟು ಸುಲಭಕ್ಕೆ ಹೇಳಲಾರೆ. 60ರ ದಶಕದ ಮೈಸೂರು ರಾಜ್ಯಕ್ಕೆ ಕರೆಂಟ್ ಬೇಕಿತ್ತು. ಬೆಂಗಳೂರಿನ ಕಾರ್ಖಾನೆಗಳು ಓಡಿದ್ದು, ಬಯಲುಸೀಮೆಯ ಪಂಪುಸೆಟ್ಟುಗಳು ತಿರುಗಿದ್ದು ಶರಾವತಿಯಿಂದ. ನಮ್ಮ ಸಾಗರದ ಹುಡುಗರು ಪೇಟೆಗೆ ಹೋಗಿ ಮಾಡಿದ ಕೆಲಸವೂ ಕೊನೆಗೆ ಅದೇ ಕರೆಂಟಿನದು. ಈಗಲೂ ರಾಜ್ಯದಲ್ಲಿ ಅಗ್ಗಕ್ಕೆ ಸಿಗುವ ಕರೆಂಟಿನಲ್ಲಿ ಇದು ಒಂದು. ಸಂಜೆ ಎಲ್ಲರೂ ಒಟ್ಟಿಗೆ ಲೈಟು ಹಾಕಿದಾಗ ಬೇಗ ಶುರುಮಾಡಬಹುದಾದದ್ದೂ ಇದೇ.

ನನ್ನ ತಕರಾರು ಬೇರೆ. ಕಟ್ಟೆಗೆ ಇಂಜಿನಿಯರುಗಳು ಹಾಕಿದ ಲೆಕ್ಕದ ಕಾಲುಭಾಗದಷ್ಟು ಜನರಿಗೂ ಹಾಕಿದ್ದರೆ ಸಾಕಿತ್ತು. ಒಂದು ಸರ್ವೆ, ಒಂದು ಹಕ್ಕುಪತ್ರ, ಒಂದು ಸೇತುವೆ. ಕಾಂಕ್ರೀಟಿಗಿಂತ ಇದೇನು ಕಷ್ಟದ ಕೆಲಸ ಅಲ್ಲ.

ಪಂಪ್ಡ್ ಸ್ಟೋರೇಜ್ ಯೋಜನೆಗೆ ಯಾಕೆ ಅಷ್ಟೊಂದು ವಿರೋಧ?

ಯೋಜನೆ ಏನು ಅಂತ ಮೊದಲು ಹೇಳುತ್ತೇನೆ. ತಲಕಳಲೆ ಮೇಲಿನ ಟ್ಯಾಂಕ್, ಗೇರುಸೊಪ್ಪೆ ಕೆಳಗಿನ ಟ್ಯಾಂಕ್. ಕರೆಂಟ್ ಮಿಕ್ಕುವ ಹೊತ್ತಿನಲ್ಲಿ, ಉದಾಹರಣೆಗೆ ಸೋಲಾರ್ ಜೋರಾಗಿರುವ ಮಧ್ಯಾಹ್ನ, ಕೆಳಗಿನ ನೀರನ್ನು ಮೇಲೆತ್ತುವುದು. ಬೇಡಿಕೆ ಜಾಸ್ತಿಯಾದಾಗ ಅದನ್ನೇ ಕೆಳಗೆ ಬಿಟ್ಟು 2000 ಮೆಗಾವ್ಯಾಟ್ ತೆಗೆಯುವುದು. ಎತ್ತಲಿಕ್ಕೆ ಹೋಗುವ ಕರೆಂಟ್ ಬರುವ ಕರೆಂಟಿಗಿಂತ ಜಾಸ್ತಿ. ಇದು ಉತ್ಪಾದನೆ ಅಲ್ಲ, ಬ್ಯಾಟರಿ ಇದ್ದ ಹಾಗೆ.

ಹೊಸ ಡ್ಯಾಂ ಇಲ್ಲ, ಹೊಸ ಮುಳುಗಡೆ ಇಲ್ಲ ಅನ್ನುತ್ತಾರೆ. ಆದರೆ ಸುರಂಗ, ರಸ್ತೆ, ಅಗೆದ ಮಣ್ಣು ಸುರಿಯುವ ಜಾಗ, ತಂತಿಯ ಸಾಲು ಎಲ್ಲ ಸಿಂಗಳೀಕದ ಅಭಯಾರಣ್ಯದೊಳಗೇ ಬರುತ್ತವೆ. ಈಗಾಗಲೇ ಕುಸಿಯುವ ಗುಡ್ಡಗಳು ಅವು. 2025ರಲ್ಲಿ ಗೇರುಸೊಪ್ಪೆ, ಸಾಗರ ಕಡೆ ಜನ ಬೀದಿಗೆ ಇಳಿದರು. ಸೋಲಾರಿಗೆ ಬ್ಯಾಟರಿ ಬೇಕು ಅನ್ನುವುದು ನಿಜ. ಅದು ಇದೇ ಕಣಿವೆಯಲ್ಲಿ ಆಗಬೇಕಾ ಅನ್ನುವುದಕ್ಕೆ ನನಗೆ ಒಪ್ಪುವಂಥ ಉತ್ತರ ಇನ್ನೂ ಸಿಕ್ಕಿಲ್ಲ.

ಬೆಂಗಳೂರಿಗೆ ಶರಾವತಿ ನೀರು?

2019ರಲ್ಲಿ ಆ ಮಾತು ಬಂತು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಪಕ್ಷ, ಜಾತಿ ಎಲ್ಲ ಬಿಟ್ಟು ಜನ ಬಂದಿದ್ದರು. ಆಗ ತಣ್ಣಗಾಯಿತು. ಆಗಾಗ ಮತ್ತೆ ಹೊಗೆಯಾಡುತ್ತದೆ.

ಹಿನ್ನೀರು ನೋಡಲು ಬರಬಹುದಾ?

ಬನ್ನಿ. ಹೊನ್ನೆಮರಡು, ಮುಪ್ಪಾನೆ, ಸಿಗಂದೂರು ಸೇತುವೆ ಎಲ್ಲ ಚೆಂದವೇ. ಈಜುವ ಸಾಹಸ ಬೇಡ. ನೀರಿನಡಿ ಬೊಡ್ಡೆ, ಹಳೆಯ ಬಾವಿ, ಕೆಸರಿನ ಹೂಳು ಇವೆ. ಮೇಲಿನಿಂದ ಏನೂ ಕಾಣುವುದಿಲ್ಲ. ಬಾಟಲಿ ಎಸೆಯಬೇಡಿ ಅಂತ ಬೇರೆ ಹೇಳಬೇಕಾ?

ನಮ್ಮ ಅಜ್ಜನ ಊರೂ ಮುಳುಗಡೆಯದು. ದಾಖಲೆ ಎಲ್ಲಿ ಹುಡುಕಲಿ?

ಮೊದಲು ಮನೆಯ ಹಿರಿಯರ ಹತ್ತಿರ ಊರಿನ ಹೆಸರು, ಹೋಬಳಿ, ಒಡೆಯರ ಮನೆತನದ ಹೆಸರು ಬರೆದುಕೊಳ್ಳಿ. ಇದು ಇವತ್ತೇ ಆಗಬೇಕಾದ ಕೆಲಸ. ಆಮೇಲೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಪಹಣಿ, ಭೂಸ್ವಾಧೀನದ ಐತೀರ್ಪಿನ ನಕಲು ಕೇಳಿ. ಸರ್ವೆ ಇಲಾಖೆಯಲ್ಲಿ ಗ್ರಾಮ ನಕ್ಷೆ ಕೇಳಿ. "ಆ ಊರೇ ಇಲ್ಲ" ಅಂತ ವಾಪಸ್ ಕಳಿಸಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಊರು ಇಲ್ಲದಿದ್ದರೂ ಸರ್ವೆ ನಂಬರು ಇರುತ್ತದೆ. ಅಜ್ಜನ ಹೆಸರನ್ನು ಮೂರು ಥರ ಬರೆದಿರಬಹುದು, ಮೂರನ್ನೂ ಹುಡುಕಿ.

ನನಗೆ ಗ್ರಾಮ ನಕ್ಷೆಯ ನಕಲು ಸಿಕ್ಕಿದ್ದು ನಾಲ್ಕನೇ ಸಲ ಹೋದಾಗ. ಮನೆಗೆ ತಂದು ಅಮ್ಮನ ಮುಂದೆ ಹಾಸಿದೆ. ಅಮ್ಮನಿಗೆ ನಕ್ಷೆ ಓದಲು ಬರುವುದಿಲ್ಲ. ಸ್ವಲ್ಪ ಹೊತ್ತು ಅತ್ತಿತ್ತ ತಿರುಗಿಸಿ ನೋಡಿ, ಹಳ್ಳದ ಗೆರೆಯ ಮೇಲೆ ಬೆರಳಿಟ್ಟು, ಅದು ಬಾಗುವ ಜಾಗದಲ್ಲಿ ನಿಲ್ಲಿಸಿದಳು. "ಹಳ್ಳ ದಾಟುವ ಸಂಕ ಇಲ್ಲಿತ್ತು" ಅಂದಳು. ನಕ್ಷೆಯಲ್ಲಿ ಸಂಕ ಇರಲಿಲ್ಲ. ಪೆನ್ಸಿಲು ಕೊಟ್ಟೆ.